ಸ್ವಬುದ್ಧಿಯನ್ನು ಆಧಾರ ಮಾಡಿಕೊಳ್ಳಬಾರದು ಎಂದರೆ ಯೋಚಿಸಬಾರದು ಎಂದರ್ಥವೇ?

ಪ್ರಶ್ನೆ: ಹದಿನೈದು ವರ್ಷಗಳಿಂದ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದೇನೆ. ಸತ್ಯವೇದವನ್ನು ಶ್ರದ್ಧೆಯಿಂದಲೇ ಓದುತ್ತೇನೆ. ಆದರೂ ಯಾರಾದರೂ ನನ್ನ ಮಾತನ್ನು ತಿದ್ದಿದರೆ ಮನಸ್ಸು ಮುದುಡಿಕೊಳ್ಳುತ್ತದೆ. ಸ್ವಬುದ್ಧಿಯನ್ನು ಆಧಾರ ಮಾಡಿಕೊಳ್ಳಬೇಡ ಎಂಬ ಮಾತನ್ನು ಪಾಲಿಸಬೇಕಾದರೆ ಸ್ವಂತ ಯೋಚನೆಯನ್ನೇ ಬಿಟ್ಟುಬಿಡಬೇಕೆ?

ಉತ್ತರ: ಬಿಡಬೇಕಾಗಿಲ್ಲ. ಸತ್ಯವೇದದ ಜ್ಞಾನೋಕ್ತಿಗಳ ಪುಸ್ತಕದ ಮೂರನೆಯ ಅಧ್ಯಾಯದ ಈ ಮಾತನ್ನು ಎರಡನೆಯ ಅಧ್ಯಾಯದೊಂದಿಗೆ ಸೇರಿಸಿ ಓದಬೇಕು. ಅಲ್ಲಿ ಮಗನಿಗೆ ವಿವೇಕವನ್ನು ಬೆಳ್ಳಿಯಂತೆ, ಹೂತಿಟ್ಟ ನಿಕ್ಷೇಪದಂತೆ ಹುಡುಕು ಎಂದು ಹೇಳಲಾಗಿದೆ. ಬುದ್ಧಿಯನ್ನು ಬದಿಗಿಟ್ಟು ಹಾಗೆ ಹುಡುಕಲು ಸಾಧ್ಯವೇ ಇಲ್ಲ. ‘ಆಧಾರ’ ಎಂದು ನಾವು ಓದುವಲ್ಲಿ ಮೂಲ ಹೀಬ್ರೂ ಪದಕ್ಕೆ ಮೈಭಾರ ಹಾಕಿ ಒರಗುವುದು ಎಂಬ ಅರ್ಥವಿದೆ. ನೀನೇ ಬುದ್ಧಿವಂತನೆಂದು ಎಣಿಸಿಕೊಳ್ಳಬೇಡ ಎಂದು ಏಳನೆಯ ವಚನ ಅದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಯೋಚಿಸುವುದಕ್ಕೆ ಇಲ್ಲಿ ತಡೆಯಿಲ್ಲ. ತನ್ನ ಯೋಚನೆಯನ್ನು ಯಾರೂ ತಿದ್ದಬೇಕಾಗಿಲ್ಲ ಎಂದುಕೊಳ್ಳುವುದಕ್ಕೆ ತಡೆಯಿದೆ.

ನಿಮ್ಮ ಸ್ಥಿತಿಗೆ ಬಹಳ ಹತ್ತಿರವಾದವನು ಆದಿಸಭೆಯ ಬೋಧಕನಾದ ಅಪೊಲ್ಲೋಸ. ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದ ಕೊನೆಯಲ್ಲಿ ಅವನ ಪ್ರಸಂಗ ಐದೇ ವಚನಗಳಲ್ಲಿ ಮುಗಿದುಹೋಗುತ್ತದೆ. ಅಲೆಕ್ಸಾಂದ್ರಿಯದಲ್ಲಿ ಹುಟ್ಟಿದವನು, ವಾಕ್ಚಾತುರ್ಯವುಳ್ಳವನು, ಶಾಸ್ತ್ರಗಳಲ್ಲಿ ಗಟ್ಟಿಗನು. ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಬೋಧಿಸುತ್ತಿದ್ದರೂ ಅವನಿಗೆ ತಿಳಿದಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ, ಅಂದರೆ ಯೇಸುವಿಗೆ ಮುಂಚೆ ಬಂದ ಯೋಹಾನನು ಪಶ್ಚಾತ್ತಾಪಕ್ಕಾಗಿ ಮಾಡಿಸುತ್ತಿದ್ದದ್ದು. ಅದನ್ನು ಗಮನಿಸಿದವರು ಪ್ರಿಸ್ಕಿಲ್ಲ ಮತ್ತು ಅಕ್ವಿಲ; ಕ್ಲೌದ್ಯ ಚಕ್ರವರ್ತಿಯ ಆಜ್ಞೆಯಿಂದ ರೋಮ್ ಬಿಟ್ಟು ಬಂದ, ಗುಡಾರ ಮಾಡುವ ಕಸುಬಿನ ದಂಪತಿ. ಅವರು ಅವನನ್ನು ಎಲ್ಲರೆದುರು ತಡೆಯದೆ ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಅಪೊಲ್ಲೋಸನು ಯೇಸುವಿನ ವಿಷಯವನ್ನು ಸರಿಯಾಗಿಯೇ ಬೋಧಿಸುತ್ತಿದ್ದನು ಎಂದು ಮೊದಲೇ ಹೇಳಿದ, ಈ ಪುಸ್ತಕವನ್ನು ಬರೆದ ಲೂಕನು ಇಲ್ಲಿ ‘ಇನ್ನೂ ಸರಿಯಾಗಿ’ ಎನ್ನುತ್ತಾನೆ. ಅವನ ಬೋಧನೆಯಲ್ಲಿ ಸುಳ್ಳಿರಲಿಲ್ಲ, ಕೊರತೆಯಿತ್ತು. ನಮ್ಮಂಥವರು ತಿದ್ದುಪಡಿಗೆ ಅಳುಕುವುದು ಹೆಚ್ಚಾಗಿ ಇಂಥಲ್ಲಿಯೇ ಎಂದು ನನಗನ್ನಿಸುತ್ತದೆ, ಏಕೆಂದರೆ ಹೇಳಿದ್ದು ತಪ್ಪಲ್ಲ ಎಂಬ ಸಮರ್ಥನೆ ಕೈಗೆ ಸಿದ್ಧವಾಗಿಯೇ ಇರುತ್ತದೆ. ಅವನು ಕೇಳಿಸಿಕೊಂಡನು. ಗ್ರೀಸಿನ ಅಖಾಯ ಪ್ರಾಂತ್ಯಕ್ಕೆ ಹೊರಟಾಗ ಸಹೋದರರು ಅವನ ಪರವಾಗಿ ಪತ್ರ ಬರೆದುಕೊಟ್ಟರು. ಅಲ್ಲಿ ಅವನಿಂದ ವಿಶ್ವಾಸಿಗಳಿಗೆ ಬಹಳ ಸಹಾಯವಾಯಿತು.

ನನಗೆ ಆದದ್ದನ್ನೂ ಹೇಳುತ್ತೇನೆ. ಒಂದು ಮನೆಕೂಟದಲ್ಲಿ ಮತ್ತಾಯ 11ರಲ್ಲಿ ಯೇಸು ತನ್ನ ಬಳಿಗೆ ಬರುವವರಿಗೆ ಹೊತ್ತುಕೊಳ್ಳಿರಿ ಎನ್ನುವ ‘ನನ್ನ ನೊಗ’ ಎಂಬ ಮಾತನ್ನು ವಿವರಿಸುತ್ತಾ, ಅದು ಒಬ್ಬೊಬ್ಬನ ಹೆಗಲಿಗೂ ಬೇರೆ ಬೇರೆಯಾಗಿ ಬರುವ ಕರ್ತವ್ಯದ ಭಾರ ಎಂದಿದ್ದೆ. ಬೇಸಾಯ ಮಾಡುವ ಹಿರಿಯರೊಬ್ಬರು ಮೆಲ್ಲಗೆ, “ಅಯ್ಯಾ, ನಮ್ಮಲ್ಲಿ ನೊಗಕ್ಕೆ ಎರಡು ಎತ್ತು ಕಟ್ಟುತ್ತೇವೆ. ಎಳೆಯ ಹೋರಿಯನ್ನು ಪಳಗಿಸುವಾಗ ಪಕ್ಕದಲ್ಲಿ ಪಳಗಿದ ಎತ್ತು ಇರುತ್ತದೆ” ಎಂದರು. ‘ನನ್ನಿಂದ ಕಲಿತುಕೊಳ್ಳಿರಿ’ ಎಂಬ ಮುಂದಿನ ಮಾತು ನನಗೆ ಆಗ ತೆರೆದುಕೊಂಡಿತು. ಆದರೂ ನನ್ನ ಬಾಯಿಂದ ಬಂದದ್ದು, “ಹೌದು, ನಾನೂ ಅದನ್ನೇ ಹೇಳುವವನಿದ್ದೆ.” ಹೇಳುವವನಿರಲಿಲ್ಲ. ಮುಂದಿನ ವಾರ ಅದೇ ಕೂಟದಲ್ಲಿ, ಈ ಅರ್ಥ ನನಗೆ ತಿಳಿದದ್ದು ಅವರಿಂದ ಎಂದು ಹೇಳಿದೆ. ಒಂದು ವಾಕ್ಯ ಹೇಳುವುದಕ್ಕೆ ಏಳು ದಿನ ಬೇಕಾಯಿತು.

ಆದ್ದರಿಂದ ದೀನತೆಯನ್ನು ಪ್ರಾರ್ಥನೆಯಲ್ಲಿ ಬೇಡಿಕೊಂಡರೆ ಸಾಲದು, ಅದಕ್ಕೆ ಸಂದರ್ಭ ಮಾಡಿಕೊಡಬೇಕು. ಪಾಠವನ್ನು ಭಾನುವಾರಕ್ಕೆ ಮೊದಲೇ ಸಹಶಿಕ್ಷಕರೊಬ್ಬರಿಗೆ ಓದಿ ತೋರಿಸಿ. ಮಗು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ ತಿಳಿಯದು ಎಂದೇ ಹೇಳಿ, ಪ್ರಶ್ನೆಯನ್ನು ಮಗುವಿನ ಎದುರಿನಲ್ಲೇ ಬರೆದುಕೊಳ್ಳಿ. ಯಾರಾದರೂ ತಿದ್ದಿದಾಗ ಮನಸ್ಸು ಮುದುಡುವುದು ಕೂಡಲೇ ನಿಲ್ಲಲಾರದು. ಆ ಗಳಿಗೆಯಲ್ಲಿ ಸಮರ್ಥನೆ ಕೊಡದೆ, ಇನ್ನೊಮ್ಮೆ ವಿವರಿಸಿ ಎಂದು ಕೇಳುವುದಂತೂ ನಮ್ಮ ಕೈಯಲ್ಲಿದೆ.

ಹಾಗೆಂದು ಎಲ್ಲರ ಮಾತಿಗೂ ತಲೆಯಾಡಿಸಬೇಕಾಗಿಲ್ಲ. 1 ಕೊರಿಂಥ 16:12ರಲ್ಲಿ ಅಪೊಸ್ತಲನಾದ ಪೌಲನು ಅಪೊಲ್ಲೋಸನನ್ನು ಕೊರಿಂಥಕ್ಕೆ ಹೋಗೆಂದು ಬಹಳವಾಗಿ ಕೇಳಿಕೊಂಡದ್ದನ್ನೂ, ಆಗ ಹೋಗಲು ಅವನಿಗೆ ಮನಸ್ಸಿಲ್ಲದ್ದನ್ನೂ ಓದುತ್ತೇವೆ. ಗುಡಾರದ ಕಸುಬಿನವರ ಮಾತನ್ನು ಕೇಳಿಸಿಕೊಂಡವನು ಅಪೊಸ್ತಲನಿಗೆ ಈಗ ಆಗದು ಎಂದನು. ಪೌಲನು ಅದಕ್ಕೆ ಬೇಸರಿಸಿಕೊಳ್ಳದೆ, ಸಮಯ ದೊರೆತಾಗ ಬರುವನು ಎಂದಷ್ಟೇ ಬರೆದು ಮುಂದಿನ ಮಾತಿಗೆ ಹೋಗುತ್ತಾನೆ.