ಬಂದ್ ಮಾಡಿದ ಮೇಲೂ ತಿರುಗುವ ಚಕ್ರ

ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮುಗಿದರೆ ಸಾಕು, ವಿಜಯಪುರದ ತಿಕೋಟಾ ಸುತ್ತಮುತ್ತ ದ್ರಾಕ್ಷಿ ಪಡಗಳಲ್ಲಿ ಕತ್ತರಿಸಿದ ಕಡ್ಡಿಗಳ ರಾಶಿ ಬೀಳುತ್ತದೆ. ಬದುವಿಗೆ ಒಟ್ಟಿ ಬೆಂಕಿ ಹಚ್ಚುವವರು ಈಗಲೂ ಇದ್ದಾರೆ. ನಮ್ಮ ಕಾಕಾ ಮಾತ್ರ ಶ್ರೆಡ್ಡರ್ ತಂದಿದ್ದಾರೆ. ಕಡ್ಡಿ ಪುಡಿ ಮಾಡಿ ಬಳ್ಳಿಯ ಬುಡಕ್ಕೇ ಹಾಸುತ್ತಾರೆ. ನಮ್ಮ ಕಡೆಯ ಬಿಸಿಲಿಗೆ ಅದು ದೊಡ್ಡ ಆಸರೆ, ಮಣ್ಣಿನ ತೇವ ಬೇಗ ಆರುವುದಿಲ್ಲ.

ಹೋದ ವರ್ಷ ನಾನೂ ಕೈಜೋಡಿಸಿದ್ದೆ. ಹಸಿ ಎಲೆ ಜಾಸ್ತಿಯಾಗಿ ಪುಡಿ ಬೀಳುವ ಬಾಯಿ ಕಟ್ಟಿಕೊಂಡಿತು. ಕಾಕಾ ಬಂದ್ ಮಾಡಿದರು. ಸದ್ದು ಇಳಿಯಿತು. ನಾನು ಎಲೆ ತೆಗೆಯಲು ಬಗ್ಗಿದೆ. ಕಾಕಾ ತೋಳು ಹಿಡಿದು ಹಿಂದಕ್ಕೆ ಎಳೆದರು. "ನಿಂದ್ರ, ಇನ್ನಾ ತಿರಗಾಕತ್ತೈತಿ." ಕಿವಿಗೊಟ್ಟರೆ ಒಳಗಿನಿಂದ ಸಣ್ಣಗೆ ಸುಂಯ್ ಅನ್ನುವ ಸದ್ದು. ಎಣಿಸುತ್ತಾ ನಿಂತೆ. ಮೂವತ್ತು ದಾಟಿದ ಮೇಲೆ ಅದು ನಿಂತಿತು.

ಒಳಗಿರುವುದು ಬ್ಲೇಡ್ ಕೂರಿಸಿದ ಭಾರದ ಉಕ್ಕಿನ ಚಕ್ರ. 30 ಸೆಂಟಿಮೀಟರ್ ಅಗಲದ ಚಕ್ರ ನಿಮಿಷಕ್ಕೆ 2,850 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಅದರ ಅಂಚಿನ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್! ಆ ಚಕ್ರದಲ್ಲಿ ತುಂಬಿರುವ ಶಕ್ತಿ ಎಷ್ಟು ಗೊತ್ತಾ? ಅಷ್ಟೇ ತೂಕದ ಕಲ್ಲೊಂದು 51 ಮೀಟರ್ ಮೇಲಿನಿಂದ, ಅಂದರೆ ಹೆಚ್ಚುಕಡಿಮೆ ನಮ್ಮ ಗೋಳಗುಮ್ಮಟದ ತುದಿಯಿಂದ, ನೆಲಕ್ಕೆ ಬೀಳುವಾಗ ಇರುವಷ್ಟು. ಬಟನ್ ಒತ್ತಿದರೆ ಮೋಟಾರಿಗೆ ಕರೆಂಟ್ ನಿಲ್ಲುತ್ತದೆ, ಅಷ್ಟೇ. ಚಕ್ರದಲ್ಲಿ ಸೇರಿದ ಶಕ್ತಿ ಗಾಳಿಗೆ, ಬೇರಿಂಗಿನ ತಿಕ್ಕಾಟಕ್ಕೆ ಸವೆದು ಮುಗಿಯುವವರೆಗೂ ಬ್ಲೇಡ್ ಕತ್ತರಿಸುತ್ತಲೇ ಇರುತ್ತದೆ.

ಕರೆಂಟ್ ಹೋದಾಗಲಂತೂ ಇನ್ನೂ ಹುಷಾರಾಗಿರಬೇಕು. ಯಂತ್ರ ತಾನಾಗಿ ನಿಂತಿತು ಅಂತ ಸುಮ್ನೆ ಕೈ ಹಾಕಿದರೆ, ಕರೆಂಟ್ ಬಂದ ಕ್ಷಣ ಚಕ್ರ ಮತ್ತೆ ತಿರುಗಬಹುದು. ಹಾಗಾಗಿ ಬಂದ್ ಮಾಡಿ, ಪ್ಲಗ್ ಕೀಳಿ, ಚಕ್ರ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಪೆಟ್ರೋಲ್ ಯಂತ್ರವಾದರೆ ಸ್ಪಾರ್ಕ್ ಪ್ಲಗ್ಗಿನ ವಯರನ್ನೂ ಬಿಚ್ಚಿಡಿ. ಬ್ಲೇಡನ್ನು ಕೈಯಿಂದ ತಿರುಗಿಸಿದಾಗ ಎಂಜಿನ್ ಚಾಲೂ ಆಗುವುದೂ ಉಂಟು.

ಕಡ್ಡಿ ತುಂಬುವುದೂ ಅಷ್ಟೇ ನಾಜೂಕಿನ ಕೆಲಸ. ಬ್ಲೇಡ್ ಕತ್ತರಿಸುತ್ತಾ ಕಡ್ಡಿಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಸೆಕೆಂಡಿಗೆ ಒಂದು ಮೀಟರ್ ಎಳೆದರೂ ಸಾಕು. ನಮಗೆ ಎಚ್ಚರಾಗಿ ಹಿಡಿತ ಬಿಡಲು ಕಾಲು ಸೆಕೆಂಡಾದರೂ ಬೇಕಲ್ವಾ, ಅಷ್ಟರಲ್ಲಿ ಕೈ ಒಂದು ಗೇಣು ಒಳಗೆ ಹೋಗಿರುತ್ತದೆ. ದಪ್ಪ ತುದಿ ಮೊದಲು ಕೊಡಿ, ಯಂತ್ರ ಹಿಡಿದ ಕೂಡಲೇ ಕೈ ಬಿಡಿ. ಕಡ್ಡಿ ಹಾಕುವ ಬಾಯಿಗೆ ಎದುರಾಗಿ ನಿಲ್ಲದೆ ಪಕ್ಕದಲ್ಲಿ ನಿಲ್ಲಿ. ತುಂಡು ಕಡ್ಡಿಗಳನ್ನು ಉದ್ದನೆಯ ಕಟ್ಟಿಗೆಯಿಂದ ತಳ್ಳಿ. ಕಬ್ಬಿಣದ ಸಲಾಕೆ ಬೇಡವೇ ಬೇಡ.

ಹೆಗಲ ಮೇಲಿನ ಟವೆಲ್, ಇಳಿಬಿದ್ದ ಸೆರಗು, ಸಡಿಲ ತೋಳು, ಬಳೆ ಯಾವುದೂ ಹತ್ತಿರ ಸುಳಿಯಬಾರದು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಲಿ. ಮಕ್ಕಳು ದೂರ ಇರಲಿ.

ದ್ರಾಕ್ಷಿ ಕಡ್ಡಿಯಲ್ಲಿ ಇನ್ನೊಂದು ಅಪಾಯ ಅಡಗಿರುತ್ತದೆ. ಬಳ್ಳಿ ಹಬ್ಬಿಸಿದ ತಂತಿಯ ಚೂರು ರಾಶಿಯಲ್ಲಿ ಸೇರಿಕೊಂಡಿರುತ್ತದೆ. ಬ್ಲೇಡಿಗೆ ಸಿಕ್ಕಿದರೆ ಅದು ಗುಂಡಿನಂತೆ ಹೊರಗೆ ಸಿಡಿಯಬಹುದು. ಅದಕ್ಕೇ ಕಾಕಾ ಯಂತ್ರ ಚಾಲೂ ಮಾಡುವ ಮುಂಚೆ ಪ್ರತಿ ಹಿಡಿ ಕಡ್ಡಿಯನ್ನೂ ಕೊಡವಿ ನೋಡುತ್ತಾರೆ. ಆವತ್ತು ಒಂದೇ ರಾಶಿಯಲ್ಲಿ ನನಗೆ ಬೆರಳುದ್ದದ ಮೂರು ತಂತಿ ತುಂಡು ಸಿಕ್ಕವು.