ಉಳಿಯ ಬೆನ್ನು

ನನ್ನ ಬಳಿ ಮರಗೆಲಸ ಕಲಿಯಲು ಬರುವವರು ಮೊದಲ ತಿಂಗಳಲ್ಲಿ ಹೇಳುವ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಉಳಿ ಹೊಸದು, ಉಕ್ಕು ಒಳ್ಳೆಯದು, ಮಸೆದದ್ದೂ ಆಗಿದೆ, ಆದರೂ ಅದು ಮರವನ್ನು ಕೊಯ್ಯುವ ಬದಲು ಜಜ್ಜುತ್ತದೆ. ನಾನು ಆ ಉಳಿಯನ್ನು ಕೈಗೆ ತೆಗೆದುಕೊಂಡು, ಅದರ ಬಾಯಿಯನ್ನು ನೋಡುವ ಮೊದಲೇ ಮಗುಚಿ, ಬೆನ್ನನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಬದಿಯನ್ನು, ಬೆಳಕಿಗೆ ಹಿಡಿಯುತ್ತೇನೆ. ಬಹುಪಾಲು ಕಾಯಿಲೆ ಅಲ್ಲೇ ಇರುತ್ತದೆ. ಕಾರ್ಖಾನೆಯ ಸಾಣೆಚಕ್ರ ಬಿಟ್ಟುಹೋದ ಗೀರುಗಳು ಹಾಗೆಯೇ ಉಳಿದಿರುತ್ತವೆ, ಮಧ್ಯಭಾಗ ಕೂದಲೆಳೆಯಷ್ಟು ಉಬ್ಬಿರುತ್ತದೆ, ಕಲಿಯುವವರು ಮಾತ್ರ ಇಳಿಜಾರಿನ ಬದಿಯನ್ನೇ ಗಂಟೆಗಟ್ಟಲೆ ತೀಡಿ ಸುಸ್ತಾಗಿರುತ್ತಾರೆ.

ಅಲಗಿನ ಅಂಚು ಎಂದರೆ ಎರಡು ಮೇಲ್ಮೈಗಳು ಕೂಡುವ ಗೆರೆ, ಅಷ್ಟೆ. ಅವುಗಳಲ್ಲಿ ಒಂದು ಕನ್ನಡಿಯಂತೆ ನುಣುಪಾಗಿದ್ದು ಇನ್ನೊಂದು ಗೀರುಗೀರಾಗಿದ್ದರೆ, ಕೂಡುವ ಗೆರೆ ಸಣ್ಣ ಗರಗಸದಂತೆ ಹಲ್ಲುಹಲ್ಲಾಗಿಯೇ ಇರುತ್ತದೆ. ಆದ್ದರಿಂದ ಹೊಸ ಉಳಿಯ ಬೆನ್ನಿನ ತುದಿಯ ಎರಡು ಮೂರು ಸೆಂಟಿಮೀಟರಿನಷ್ಟು ಭಾಗವನ್ನು ಮೊದಲು 1000 ಗ್ರಿಟ್ಟಿನ (ಈ ಸಂಖ್ಯೆ ಏರಿದಷ್ಟೂ ಕಲ್ಲು ನಯ) ಕಲ್ಲಿನ ಮೇಲೆ, ಆಮೇಲೆ 6000 ಅಥವಾ 8000 ಗ್ರಿಟ್ಟಿನ ನಯವಾದ ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು, ಅದರಲ್ಲಿ ನಿಮ್ಮ ಬೆರಳಿನ ಬಿಂಬ ಕಾಣುವವರೆಗೆ ತಿಕ್ಕಬೇಕು. ಒಂದು ಉಳಿಯ ಆಯುಸ್ಸಿನಲ್ಲಿ ಈ ಕೆಲಸವನ್ನು ಒಮ್ಮೆ ಮಾಡಿದರೆ ಸಾಕು. ಅನಂತರ 25 ಡಿಗ್ರಿಯ ಇಳಿಜಾರು, ಅದರ ತುದಿಯಲ್ಲಿ 30 ಡಿಗ್ರಿಯ ಕಿರಿದಾದ ಇನ್ನೊಂದು ಇಳಿಜಾರು. ಆ ಬದಿಯನ್ನು ಮಸೆದಾಗ ಬೆನ್ನಿನ ಕಡೆಗೆ ತೆಳ್ಳನೆಯ ಉಕ್ಕಿನ ಪೊರೆಯೊಂದು ಮಡಚಿಕೊಂಡು, ಬೆರಳಿಗೆ ತುಸು ತಡೆಯುತ್ತದೆ. ಬೆನ್ನನ್ನು ಕಲ್ಲಿನ ಮೇಲೆ ಒಂದೆರಡು ಸಲ ಎಳೆದರೆ ಆ ಪೊರೆ ಉದುರಿ ಅಂಚು ತೆರೆದುಕೊಳ್ಳುತ್ತದೆ. ಕೈಮೇಲಿನ ರೋಮ ಬೋಳಿಸಿ ಹರಿತವನ್ನು ಪರೀಕ್ಷಿಸುವವರನ್ನು ನೋಡಿದ್ದೇನೆ, ಆದರೆ ಅದು ಸುಲಭದ ಪರೀಕ್ಷೆ. ಮೃದುವಾದ ಪೈನ್ ಮರದ ತುಂಡೊಂದರ ಕಡಿದ ತುದಿಯನ್ನು ಉಳಿಯಿಂದ ಹೆರೆದು ನೋಡಿ. ಮೊಂಡಾಗಿದ್ದರೆ ಎಳೆಗಳು ಬಾಗಿ, ಕಿತ್ತು, ಬೆಳ್ಳಗೆ ಪುಡಿಯಾಗುತ್ತವೆ. ನಿಜವಾಗಿ ಹರಿತವಾಗಿದ್ದರೆ ಮೇಣ ಸವರಿದಂಥ ಹೊಳಪು ಉಳಿಯುತ್ತದೆ.

ಇಷ್ಟು ಹೇಳಿದಾಗ ಹಲವರಿಗೆ ಬೇಸರವಾಗುತ್ತದೆ. ಹಣ ಕೊಟ್ಟು ತಂದ ಉಪಕರಣವನ್ನು ನಾವೇ ಪೂರ್ತಿಮಾಡಿಕೊಳ್ಳಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೈ ಉಪಕರಣಗಳ ಸೆಳೆತ ಇಷ್ಟು ಯಂತ್ರಗಳ ನಡುವೆಯೂ ಏಕೆ ಕುಂದಿಲ್ಲ ಎಂಬುದಕ್ಕೆ ನಾನು ಕಂಡುಕೊಂಡ ಉತ್ತರವೂ ಅಲ್ಲೇ ಇದೆ. ಇದನ್ನು ಗತಕಾಲದ ಹಂಬಲವೆಂದು ವಿವರಿಸುವುದು ವಾಡಿಕೆ. ನನಗೆ ಆ ವಿವರಣೆ ಒಪ್ಪಿಗೆಯಾಗಿಲ್ಲ. ಗತಕಾಲವನ್ನು ಹಂಬಲಿಸುವವರು ಹಳೆಯ ಉಳಿಯನ್ನು ಗೋಡೆಗೆ ತೂಗುಹಾಕುತ್ತಾರೆ, ಮಸೆಯುವುದಿಲ್ಲ. ಮಾಡಿದವರು ಕೆಲಸದ ಕೊನೆಯ ಭಾಗವನ್ನು ಬಳಸುವವರಿಗೆ ಬಿಟ್ಟುಕೊಟ್ಟಿರುವ ವಸ್ತು ಕೈ ಉಪಕರಣ, ಮತ್ತು ಆ ಭಾಗ ಎಂದೂ ಮುಗಿಯುವುದಿಲ್ಲ. ಅಂಚು ಸವೆಯುತ್ತದೆ, ಮಸೆಯುತ್ತೀರಿ. ಹಿಡಿ ಸೀಳುತ್ತದೆ, ಹೊಸದನ್ನು ಕಡೆಯುತ್ತೀರಿ. ಹೀಗೆ ಕೆಲವು ವರ್ಷ ಕಳೆದ ಮೇಲೆ ಅದು ಯಾರು ಮಾಡಿದ ಉಪಕರಣ ಎಂದು ಹೇಳುವುದೇ ಕಷ್ಟವಾಗುತ್ತದೆ.

ಈ ಆಕಾರಗಳ ಬಾಳಿಕೆಯ ಬಗ್ಗೆ ಒಂದು ಮಾತು. 1936ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಮೆಸ್ಟರ್‌ಮೂರ್ ಎಂಬಲ್ಲಿ, ನೀರು ಬಸಿದು ಹೊಲವಾಗಿಸಿದ್ದ ಜೌಗುನೆಲವನ್ನು ಉಳುತ್ತಿದ್ದಾಗ ನೇಗಿಲಿಗೆ ಓಕ್ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಸುಮಾರು ಸಾವಿರ ವರ್ಷ ಹಿಂದಿನ ವೈಕಿಂಗ್ ಕಾಲದ ಆ ಪೆಟ್ಟಿಗೆಯೂ ಸೇರಿದಂತೆ ಅಲ್ಲಿ ದೊರೆತ 200ಕ್ಕೂ ಹೆಚ್ಚು ವಸ್ತುಗಳಲ್ಲಿ ಬಡಗಿ ಮತ್ತು ಕಮ್ಮಾರ ಇಬ್ಬರ ಸಲಕರಣೆಗಳೂ ಇದ್ದವು. ಗರಗಸ, ಬಾಚಿ, ಕೊಡಲಿ, ಅರ, ಚಮಚದಾಕಾರದ ಬೈರಿಗೆ ಇವನ್ನೆಲ್ಲ ಇಂದಿನ ಬಡಗಿಯ ಕೈಗೆ ಕೊಟ್ಟರೆ ಯಾವುದರ ಬಳಕೆಯನ್ನೂ ವಿವರಿಸಿ ಹೇಳಬೇಕಾಗಿಲ್ಲ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲೂ ಬಡಗಿಗಳ ಸಾಮಾನು ಸಿಕ್ಕಿದೆ. ಅಲ್ಲಿ ಕಬ್ಬಿಣದ ಬಹುಭಾಗ ತುಕ್ಕಾಗಿ ಹೋಗಿ, ಕೀಸುಳಿಗಳ, ಅಂದರೆ ಹಲಗೆಯನ್ನು ಹೆರೆದು ನಯಗೊಳಿಸುವ ಉಪಕರಣಗಳ, ಮರದ ಒಡಲು ಮತ್ತು ಹಿಡಿಗಳು ಉಳಿದುಕೊಂಡಿವೆ. ಮನುಷ್ಯನ ಅಂಗೈ ಬದಲಾಗಿಲ್ಲ, ಮರದ ಎಳೆ ಬದಲಾಗಿಲ್ಲ, ಅವೆರಡರ ನಡುವೆ ನಿಲ್ಲುವ ವಸ್ತು ಬದಲಾಗಲು ಹೆಚ್ಚು ಕಾರಣಗಳಿಲ್ಲ.

ಬದಲಾದದ್ದು ಉಕ್ಕು. ಇಂಗ್ಲೆಂಡಿನ ಡಾಂಕಾಸ್ಟರ್ ಊರಿನ ಗಡಿಯಾರ ತಯಾರಕ ಬೆಂಜಮಿನ್ ಹಂಟ್ಸ್‌ಮನ್ ತನ್ನ ಸ್ಪ್ರಿಂಗುಗಳಿಗೆ ಒಳಗೆಲ್ಲ ಏಕರೂಪವಾಗಿರುವ ಉಕ್ಕು ಬೇಕೆಂದು ಹುಡುಕಾಡಿ, 1740ರ ದಶಕದಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಕರಗಿಸುವ ವಿಧಾನವನ್ನು ಶೆಫೀಲ್ಡಿನ ಬಳಿ ರೂಢಿಗೆ ತಂದ. ಆ ಊರಿನ ಉಳಿ, ಗರಗಸಗಳ ಕೀರ್ತಿಯ ಬುಡ ಅಲ್ಲಿದೆ. ಮೂಸೆಯ ಉಕ್ಕು ಅವನಿಗಿಂತ ಬಹಳ ಹಿಂದೆಯೇ ದಕ್ಷಿಣ ಭಾರತದಲ್ಲಿ ತಯಾರಾಗುತ್ತಿತ್ತು. ಲೋಹಶಾಸ್ತ್ರದ ಪುಸ್ತಕಗಳಲ್ಲಿ ಕಾಣುವ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಪದದ್ದೇ ಅಪಭ್ರಂಶವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಉಳಿಯ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಶೇಕಡ 1ರ ಆಸುಪಾಸಿನಲ್ಲಿರುತ್ತದೆ. ಅದನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತಟ್ಟನೆ ತಣಿಸಿದರೆ ಗಾಜಿನಂತೆ ಗಡಸಾಗುತ್ತದೆ, ಗಾಜಿನಂತೆಯೇ ಪೆಡಸಾಗಿಯೂ ಇರುತ್ತದೆ. ಮತ್ತೆ 200 ಡಿಗ್ರಿಯನ್ನು ತುಸು ಮೀರುವಷ್ಟು ಕಾಯಿಸಿದಾಗ ತಿಕ್ಕಿ ಹೊಳಪಿಸಿದ ಮೇಲ್ಮೈಯಲ್ಲಿ ಒಣಹುಲ್ಲಿನ ಬಣ್ಣ ಮೂಡುತ್ತದೆ. ಅದೇ ಉಳಿಗೆ ಬೇಕಾದ ಹದ. ಬಣ್ಣ ಕಂದಿಗೆ, ನೇರಳೆಗೆ ತಿರುಗಿ, 300 ಡಿಗ್ರಿಯ ಹತ್ತಿರ ನೀಲಿಯಾದರೆ ಅದು ಸ್ಪ್ರಿಂಗಿಗಾದೀತು, ಉಳಿಗೆ ಆಗದು.

ಈ ನೀಲಿಯನ್ನು ನಾನು ಪುಸ್ತಕದಲ್ಲಿ ಓದಿ ಕಲಿತವನಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಗುರುಗಳ ಹಳೆಯ ಉಳಿಯೊಂದರ ಬಾಯಿ ಚಕ್ಕೆ ಎದ್ದಿತ್ತೆಂದು, ಅವರಿಲ್ಲದ ಹೊತ್ತು ನೋಡಿ ವಿದ್ಯುತ್ ಸಾಣೆಚಕ್ರಕ್ಕೆ ಒತ್ತಿ ಹಿಡಿದೆ. ಮೂರ್ನಾಲ್ಕು ಸೆಕೆಂಡುಗಳಲ್ಲಿ ತುದಿಯಲ್ಲಿ ನವಿಲುಗರಿಯ ಬಣ್ಣಗಳು ಓಡಿದವು. ಚೆಂದ ಕಂಡಿತು ಎಂಬುದೇ ನನ್ನ ನೆನಪು. ಅವರು ಬಂದು ನೋಡಿ ಬೈಯಲಿಲ್ಲ, ನೀಲಿ ತಿರುಗಿದಷ್ಟೂ ಉಕ್ಕನ್ನು ಕೈಯಿಂದಲೇ ಕಲ್ಲಿನ ಮೇಲೆ ತೀಡಿ ತೆಗೆಯಲು ಹೇಳಿದರು. ಮೂರು ಮಿಲಿಮೀಟರು ತೆಗೆಯಲು ಎರಡು ಸಂಜೆ ಹಿಡಿಯಿತು. ಇಂದಿಗೂ ನನ್ನ ಸಾಣೆಚಕ್ರದ ಪಕ್ಕದಲ್ಲಿ ನೀರಿನ ಡಬ್ಬಿ ಇಲ್ಲದೆ ನಾನು ಸ್ವಿಚ್ ಹಾಕುವುದಿಲ್ಲ.

ಬೆನ್ನಿನ ಸಮಸ್ಯೆಗೆ ಜಪಾನಿನ ಕಮ್ಮಾರರು ಕಂಡುಕೊಂಡ ಪರಿಹಾರ ನನಗೆ ಬಲು ಮೆಚ್ಚುಗೆಯಾದದ್ದು. ಅಲ್ಲಿನ ಉಳಿಯ ಬೆನ್ನನ್ನು ಬೇಕೆಂದೇ ತಗ್ಗಾಗಿ ಕೆತ್ತಿರುತ್ತಾರೆ, ಹಾಗಾಗಿ ಸುತ್ತಲಿನ ಕಿರಿದಾದ ಅಂಚು ಮಾತ್ರ ಕಲ್ಲಿಗೆ ತಾಗುತ್ತದೆ ಮತ್ತು ಚಪ್ಪಟೆಗೊಳಿಸುವ ಶ್ರಮ ಬಹಳಷ್ಟು ಇಳಿಯುತ್ತದೆ. ಬೆನ್ನಿನ ಬದಿಯಲ್ಲಿ ತೆಳುವಾದ ಗಡಸು ಉಕ್ಕಿನ ಪದರ, ಅದರ ಮೇಲೆ ಇಳಿಜಾರಿನ ಬದಿಯಲ್ಲಿ ಮೆದು ಕಬ್ಬಿಣ, ಎರಡನ್ನೂ ಕುಲುಮೆಯಲ್ಲೇ ಬೆಸೆದಿರುತ್ತಾರೆ. ಉಕ್ಕು ಹೆಚ್ಚು ಗಡಸಾಗಿದ್ದರೂ ಒಡೆಯದಂತೆ ಮೆದು ಕಬ್ಬಿಣ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಮಸೆಯುವಾಗಲೂ ಅದು ಬೇಗ ಸವೆದು ಕೆಲಸ ಹಗುರವಾಗುತ್ತದೆ. 1876ರಲ್ಲಿ ಅಲ್ಲಿನ ಸರ್ಕಾರ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿದಾಗ ಕೆಲಸ ಕಳೆದುಕೊಂಡ ಖಡ್ಗ ಕಮ್ಮಾರರಲ್ಲಿ ಹಲವರು ಉಪಕರಣಗಳ ಕಡೆ ತಿರುಗಿದರು. ಅಂಥ ಮನೆತನದಲ್ಲಿ ಹುಟ್ಟಿದ ಚಿಯೊಜುರು ಕೊರೆಹಿದೆ (1874–1957) ಮಾಡಿದ ಕೀಸುಳಿಯ ಅಲಗುಗಳನ್ನು ಬಡಗಿಗಳು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಕೀಸುಳಿ, ಅಂದರೆ ಕೆಲವರು ಹತ್ತರಿ ಎನ್ನುವ ಉಪಕರಣ, ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಅಮೆರಿಕದ ಲೆನರ್ಡ್ ಬೇಲಿ ರೂಪಿಸಿದ, 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಹಕ್ಕು ಕೊಂಡ ಲೋಹದ ಕೀಸುಳಿಯ ವಿನ್ಯಾಸವೇ ಇಂದಿಗೂ ಅಲ್ಪಸ್ವಲ್ಪ ವ್ಯತ್ಯಾಸದೊಂದಿಗೆ ತಯಾರಾಗುತ್ತಿದೆ. ಹದವಾಗಿ ಕೂರಿಸಿದ ಅಲಗು ತೆಗೆಯುವ ಸುರುಳಿ 0.03 ಮಿಲಿಮೀಟರಿನಷ್ಟು ತೆಳ್ಳಗಿರಬಲ್ಲದು. ಅದರ ಮೂಲಕ ಅಕ್ಷರ ಓದಬಹುದು. ಮರದ ಎಳೆಗೆ ಎದುರಾಗಿ ತಳ್ಳಿದರೆ ಮಾತ್ರ ಅಲಗಿನ ಮುಂದೆ ಎಳೆ ಸೀಳುತ್ತಾ ಹೋಗಿ ಮೇಲ್ಮೈ ಕಿತ್ತುಬರುತ್ತದೆ. ಇದನ್ನು ತಡೆಯಲು ಅಲಗಿನ ಮೇಲೊಂದು ಲೋಹದ ಪಟ್ಟಿ ಇರುತ್ತದೆ. ಹದಿನೆಂಟನೆಯ ಶತಮಾನದಲ್ಲೇ ಬಳಕೆಗೆ ಬಂದ ಈ ಪಟ್ಟಿ ಸುರುಳಿಯನ್ನು ಮುರಿಯಲಿಕ್ಕಷ್ಟೇ ಇದೆಯೆಂದು ನಮ್ಮ ತಲೆಮಾರಿನ ಹಲವರು ನಂಬಿದ್ದೆವು, ನಾನೂ ಅದನ್ನು ಅಂಚಿನಿಂದ ಒಂದೆರಡು ಮಿಲಿಮೀಟರು ಹಿಂದಿಟ್ಟು ವರ್ಷಗಟ್ಟಲೆ ಹೆಣಗಿದ್ದೇನೆ. ಜಪಾನಿನ ಯಮಗಾತಾ ವಿಶ್ವವಿದ್ಯಾಲಯದಲ್ಲಿ ಕಾಟೊ ಮತ್ತು ಕವಾಯ್ ಅವರು ಸೂಕ್ಷ್ಮದರ್ಶಕದ ಮೂಲಕ ಚಿತ್ರೀಕರಿಸಿದ ದೃಶ್ಯಗಳನ್ನು ನೋಡಿದ ಮೇಲೆ ತಪ್ಪು ತಿಳಿಯಿತು. ಪಟ್ಟಿಯನ್ನು ಅಂಚಿನಿಂದ ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟೇ ದೂರದಲ್ಲಿಟ್ಟರೆ, ಏಳುತ್ತಿರುವ ಸುರುಳಿಯನ್ನು ಅದು ಹಿಂದಕ್ಕೆ ಒತ್ತಿ, ಎಳೆ ಮುಂದಾಗಿ ಸೀಳುವ ಮೊದಲೇ ಅಲಗು ಅದನ್ನು ಕೊಯ್ಯುವಂತೆ ಮಾಡುತ್ತದೆ. ಇನ್ನೂರೈವತ್ತು ವರ್ಷ ಹಿಂದಿನ ಬಡಗಿಗಳಿಗೆ ಸೂಕ್ಷ್ಮದರ್ಶಕವಿಲ್ಲದೆ ಗೊತ್ತಿದ್ದದ್ದನ್ನು ನಾವು ಮರೆತಿದ್ದೆವು.

ಯಾವ ಕಡೆಗೆ ತಳ್ಳಬೇಕೆಂಬುದನ್ನು ಮೊದಲು ತಿಳಿಸುವುದು ಕಿವಿ. ಎಳೆಯ ಜೊತೆ ಹೋಗುವ ಕೀಸುಳಿ ರೇಷ್ಮೆ ಹರಿದಂತೆ ಸದ್ದು ಮಾಡುತ್ತದೆ, ಎದುರಾದ ತಕ್ಷಣ ಆ ಸದ್ದು ಒಡೆಯುತ್ತದೆ, ಅಂಗೈಗೆ ಸಣ್ಣ ನಡುಕ ಬರುತ್ತದೆ. ವಿದ್ಯುತ್ ಯಂತ್ರದಲ್ಲೂ ಎಳೆ ಕಿತ್ತುಬರುತ್ತದೆ, ಆದರೆ ಮೋಟಾರಿನ ಗದ್ದಲದಲ್ಲಿ ಅದು ಗೊತ್ತಾಗುವುದು ಹಲಗೆ ಆಚೆ ಬದಿಯಿಂದ ಹೊರಬಂದ ಮೇಲೆ.

ಗರಗಸದ ವಿಷಯದಲ್ಲಿ ಒಂದು ಅಸಮಾಧಾನವಿದೆ, ಹೇಳಿಬಿಡುತ್ತೇನೆ. ಉದ್ದಕ್ಕೆ ಸೀಳುವ ಗರಗಸದ ಹಲ್ಲುಗಳು ಸಾಲಾಗಿ ನಿಲ್ಲಿಸಿದ ಪುಟ್ಟ ಉಳಿಗಳಂತೆ, ಅಡ್ಡಕ್ಕೆ ಕೊಯ್ಯುವ ಗರಗಸದವು ಪುಟ್ಟ ಚಾಕುಗಳಂತೆ ಇರುತ್ತವೆ. ಎರಡನ್ನೂ ಮುಕ್ಕೋನದ ಅರದಿಂದ ಮನೆಯಲ್ಲೇ ಹರಿತಗೊಳಿಸಬಹುದು, ಹಲ್ಲುಗಳನ್ನು ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ತುಸು ಬಗ್ಗಿಸಿ, ಕೊಯ್ತದಲ್ಲಿ ಅಲಗು ಸಿಕ್ಕಿಕೊಳ್ಳದಂತೆ ಜಾಗ ಬಿಡಬಹುದು. ಈಗ ಸಿಗುವ ಅಗ್ಗದ ಗರಗಸಗಳಲ್ಲಿ ಹೆಚ್ಚಿನವಕ್ಕೆ ಹಲ್ಲಿನ ತುದಿಯನ್ನಷ್ಟೇ ವಿದ್ಯುತ್ತಿನಿಂದ ಕ್ಷಣಾರ್ಧದಲ್ಲಿ ಕಾಯಿಸಿ ಗಡಸು ಮಾಡಿರುತ್ತಾರೆ, ಆ ಭಾಗ ಕಪ್ಪುನೀಲಿಯಾಗಿ ಕಾಣುತ್ತದೆ. ಮೊದಮೊದಲು ಬಹಳ ಚೆನ್ನಾಗಿ ಕೊಯ್ಯುತ್ತವೆ, ಹರಿತವೂ ಹೆಚ್ಚು ಕಾಲ ಉಳಿಯುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಅರವನ್ನು ಇಟ್ಟರೆ ಕಚ್ಚುವುದಿಲ್ಲ, ಜಾರುತ್ತದೆ. ಮೊಂಡಾದ ದಿನ ಇಡೀ ಗರಗಸ ಕಸದ ಬುಟ್ಟಿಗೆ. ಕೈಯಿಂದ ಬಳಸುವ ಉಪಕರಣವೆಲ್ಲ ಕೈ ಉಪಕರಣವಲ್ಲ ಎಂದು ನಾನು ಹೇಳುವುದು ಇದನ್ನು ನೋಡಿಯೇ.

ಹಾಗೆಂದು ನಾನು ಯಂತ್ರದ ವೈರಿಯಲ್ಲ. ಇಪ್ಪತ್ತು ಒರಟು ಹಲಗೆಗಳನ್ನು ಒಂದೇ ದಪ್ಪಕ್ಕೆ ತರುವ ಕೆಲಸವನ್ನು ಕೈಯಿಂದ ಮಾಡಿ ಎಂದು ಯಾರಿಗೂ ಹೇಳಲಾರೆ. ಅದನ್ನು ಯಂತ್ರಕ್ಕೆ ಕೊಟ್ಟು, ಸಂದು ಕೂರಿಸುವ ಮತ್ತು ಕೊನೆಯ ಮೇಲ್ಮೈ ತೆಗೆಯುವ ಕೆಲಸವನ್ನು ಕೈಗೆ ಇಟ್ಟುಕೊಳ್ಳುತ್ತೇನೆ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ಮರವಾದರೆ ಕೀಸುಳಿಯನ್ನೂ ಬದಿಗಿಟ್ಟು, ಕೆರೆಯುವ ಉಕ್ಕಿನ ಪಟ್ಟಿಯಿಂದ ಮುಗಿಸುತ್ತೇನೆ. ಕೈ ಉಪಕರಣದ ಪರವಾಗಿ ಇನ್ನೊಂದು ಕಾರಣವಿದೆ, ಅದರಲ್ಲಿ ಕಾವ್ಯವೇನೂ ಇಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಉಜ್ಜುಕಾಗದದ ಯಂತ್ರ ಎಬ್ಬಿಸುವ ನುಣ್ಣನೆಯ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಕೀಸುಳಿಯ ಸುರುಳಿ ಕಾಲ ಬುಡದಲ್ಲಿ ಬೀಳುತ್ತದೆ.

ಹಳೆಯ ಉಳಿ ಕೊಳ್ಳುವವರು ನನ್ನನ್ನು ಏನು ನೋಡಬೇಕೆಂದು ಕೇಳುತ್ತಾರೆ. ಮೇಲಿನ ತುಕ್ಕಿಗೆ ಹೆದರಬೇಡಿ, ಬೆನ್ನಿನ ತುದಿಯಲ್ಲಿ ತುಕ್ಕು ಕುಳಿ ಬಿದ್ದಿದ್ದರೆ ಮಾತ್ರ ಬಿಟ್ಟುಬಿಡಿ, ಏಕೆಂದರೆ ಕುಳಿಯ ಆಳದಷ್ಟು ಉಕ್ಕನ್ನು ಪೂರ್ತಿ ತೀಡಿ ತೆಗೆಯದೆ ಅಲ್ಲಿ ಅಂಚು ನಿಲ್ಲುವುದಿಲ್ಲ. ತುದಿ ನೀಲಿ ತಿರುಗಿದೆಯೇ ನೋಡಿ. ಹಿಡಿ ಒಡೆದಿದ್ದರೆ ಚಿಂತೆಯಿಲ್ಲ, ಆ್ಯಶ್‌ನಂಥ ಬಿಗಿಯಾದ ನೇರ ಎಳೆಯ ಮರದಲ್ಲಿ ಇನ್ನೊಂದನ್ನು ಮಾಡಿಕೊಳ್ಳಬಹುದು. ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗೆ ನನ್ನದೇ ಲೆಕ್ಕ ಕೊಡುತ್ತೇನೆ. ಗುರುಗಳು ಆ ಸುಟ್ಟ ಉಳಿಯನ್ನು ಕೊನೆಗೆ ನನಗೇ ಕೊಟ್ಟರು. ಆ ದಿನ ಅದರ ಅಲಗು 112 ಮಿಲಿಮೀಟರು ಇತ್ತೆಂದು ಹಲಗೆಯೊಂದರ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಇಪ್ಪತ್ತಾರು ವರ್ಷಗಳಲ್ಲಿ ಹಿಡಿ ಎರಡು ಸಲ ಬದಲಾಗಿದೆ, ಬೆನ್ನನ್ನು ಮತ್ತೆ ಚಪ್ಪಟೆಗೊಳಿಸಿಲ್ಲ, ಹೋದ ವಾರ ಅಳೆದಾಗ 94 ಇತ್ತು.