ಎಣ್ಮಕಜೆಯ ಮಣ್ಣು, ಮದ್ರಾಸಿನ ಪ್ರಯೋಗಾಲಯ ಮತ್ತು ಎಂಡೋಸಲ್ಫಾನ್

ಕಾಸರಗೋಡಿನ ಗೇರು ತೋಟಗಳಿಗೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್ ಎಂದರೆ ಈಗ ಪರಿಹಾರದ ಮೊತ್ತ, ಪಿಂಚಣಿ, ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಸೇರಿತೇ ಬಿಟ್ಟುಹೋಯಿತೇ ಎಂಬ ತಕರಾರು ಇಷ್ಟೇ ಕಿವಿಗೆ ಬೀಳುತ್ತದೆ. ಅವೆಲ್ಲ ಆಗಲೇಬೇಕಾದ ಮಾತುಗಳು. ಆದರೆ ಮದ್ದು ಬಿದ್ದ ಗುಡ್ಡದ ಮಣ್ಣು ಈಗ ಹೇಗಿದೆ ಎಂದು ಕೇಳುವವರು ಕಡಿಮೆಯಾಗಿದ್ದಾರೆ.

ಗೇರಿನ ಚಿಗುರು, ಹೂವನ್ನು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ಸರ್ಕಾರಿ ಒಡೆತನದ ಸುಮಾರು 4,600 ಹೆಕ್ಟೇರ್ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟರು. ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆ 1979ರಲ್ಲೇ ಬರೆದಿದ್ದರು. ಎಣ್ಮಕಜೆ ಪಂಚಾಯತಿನ ಪಡ್ರೆ ಎಂಬ ಊರಿನ ಮನೆಮನೆಯ ಕಾಯಿಲೆಗಳಲ್ಲಿ ಏನೋ ಸಾಮ್ಯ ಇದೆ ಎಂಬುದನ್ನು ಅಲ್ಲೇ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಗುರುತಿಸಿದರು. ಆಮೇಲೆ ಸಮಿತಿಯ ಮೇಲೆ ಸಮಿತಿ, ಒಂದರ ವರದಿಗೆ ಇನ್ನೊಂದರ ವಿರೋಧ. 2011ರ ಏಪ್ರಿಲಿನಲ್ಲಿ ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಿನೀವಾದಲ್ಲಿ ಸೇರಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೂ ತಡೆ ಹಾಕಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಅದೇ ಕೋರ್ಟ್ ಹೇಳಿದ್ದು 2017ರಲ್ಲಿ.

ಆದರೆ ಈ ವಿಷಯದ ಗಂಟು ಇರುವುದು ನೆಲದಲ್ಲಿ. ಗೇರು ತೋಟ ಇರುವುದು ಗುಡ್ಡದ ನೆತ್ತಿಯಲ್ಲಿ, ಮನೆ ಮತ್ತು ಅಡಿಕೆ ತೋಟ ತಗ್ಗಿನಲ್ಲಿ. ಕುಡಿಯುವ ನೀರು ಅದೇ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗದ್ದು. ಆಳೆತ್ತರದ ಆ ಕತ್ತಲೆಯ ಗೂಡಿನೊಳಗೆ ಗೋಡೆಯಿಂದ ನೀರು ಒಸರುತ್ತದೆ, ನೆಲದ ಸಣ್ಣ ಕಾಲುವೆಯಲ್ಲಿ ಹರಿದು ಪೈಪಿನ ಮೂಲಕ ಅಂಗಳದ ಟ್ಯಾಂಕಿಗೆ ಬರುತ್ತದೆ. ಮದ್ದು ಬಿಡುವಾಗ ಬಾವಿ ಮುಚ್ಚಿಡಿ ಎನ್ನಬಹುದು. ಸುರಂಗಕ್ಕೆ ನೀರು ಕೊಡುವ ಗುಡ್ಡವನ್ನು ಮುಚ್ಚುವುದು ಯಾರಿಂದ ಸಾಧ್ಯ?

ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತೀರಾ ಅಲ್ಪ. ಅದು ಮಣ್ಣಿನ ಕಣಕ್ಕೆ, ಕೊಳೆತ ತರಗೆಲೆಯ ಅಂಶಕ್ಕೆ ಅಂಟಿಕೊಳ್ಳುತ್ತದೆ, ಮಳೆಗಾಲದಲ್ಲಿ ಹೂಳಿನ ಜೊತೆಗೇ ತೋಡಿಗೆ ಇಳಿಯುತ್ತದೆ. ಕ್ಷಾರ ಇದ್ದಲ್ಲಿ ಬೇಗ ಒಡೆಯುತ್ತದೆ, ಆದರೆ ನಮ್ಮದು ಹುಳಿ ಮಣ್ಣು, ಇಲ್ಲಿ ನಿಧಾನ. ಆಲ್ಫಾ, ಬೀಟಾ ಎಂಬ ಅದರ ಎರಡು ರೂಪಗಳಲ್ಲಿ ಬೀಟಾ ಹೆಚ್ಚು ಕಾಲ ಉಳಿಯುವಂಥದ್ದು. ಇನ್ನೂ ಕಷ್ಟದ ಸಂಗತಿ ಎಂದರೆ ಮಣ್ಣಿನ ಸೂಕ್ಷ್ಮಜೀವಿಗಳು ಇದನ್ನು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಿಸುತ್ತವೆ. ಅದರ ವಿಷ ಮೂಲದಷ್ಟೇ, ಬಾಳಿಕೆ ಮೂಲಕ್ಕಿಂತ ಹೆಚ್ಚು.

ಇಲ್ಲಿ ಗಲಾಟೆ ನಡೆಯುತ್ತಿದ್ದ ಕಾಲದಲ್ಲೇ ಮದ್ರಾಸ್ ಐಐಟಿಯಲ್ಲಿ ಬೇರೊಂದು ಕೆಲಸ ಸಾಗಿತ್ತು. ಪ್ರಾಧ್ಯಾಪಕ ಟಿ. ಪ್ರದೀಪ್ ಕೇರಳದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿದವರು, ನ್ಯಾನೋಕಣಗಳಲ್ಲಿ, ಅಂದರೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣಗಳಲ್ಲಿ, ಪಳಗಿದವರು. ಚಿನ್ನದ ನ್ಯಾನೋಕಣಗಳ ದ್ರಾವಣ ಕೆಂಪಗಿರುತ್ತದೆ. ಎಂಡೋಸಲ್ಫಾನ್ ಆ ಕಣಗಳಿಗೆ ಅಂಟಿದರೆ ಬಣ್ಣ ನೀಲಿಯತ್ತ ತಿರುಗುತ್ತದೆ, ಹೊತ್ತು ಹೋದಂತೆ ಕಣಗಳು ವಿಷದ ಸಮೇತ ತಳಕ್ಕೆ ಕೂರುತ್ತವೆ. ಅಂದರೆ ಪತ್ತೆಗೂ ಅದೇ, ಹೊರತೆಗೆಯಲೂ ಅದೇ. ಅವರ ತಂಡ ಇದನ್ನು 2003ರಲ್ಲಿ ಪ್ರಕಟಿಸಿತು. ಕಾರ್ಬನ್ ಟೆಟ್ರಾಕ್ಲೋರೈಡಿನಂಥ ಕ್ಲೋರಿನ್ ಸಂಯುಕ್ತಗಳನ್ನು ಬೆಳ್ಳಿಯ ಕಣಗಳು ಒಡೆದೇ ಹಾಕುತ್ತವೆ ಎಂಬುದನ್ನೂ ಅದೇ ತಂಡ ತೋರಿಸಿತ್ತು. ಈ ರಸಾಯನಶಾಸ್ತ್ರದ ಮೇಲೆ ನಿಂತ ಮನೆಬಳಕೆಯ ಫಿಲ್ಟರ್ 2007ರಲ್ಲಿ ಮಾರುಕಟ್ಟೆಗೆ ಬಂತು. ಕೀಟನಾಶಕದಿಂದ ಶುರುವಾದ ದಾರಿ ಮುಂದೆ ನೀರಿನ ಆರ್ಸೆನಿಕ್ ತೆಗೆಯುವ ಅಗ್ಗದ ವಸ್ತುವಿನವರೆಗೂ ಹೋಯಿತು. ಪ್ರದೀಪ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿದೆ. ಅದಕ್ಕೆ ತಕ್ಕ ಕೆಲಸವೇ ಇದು.

ಹಾಗಾದರೆ ಅದನ್ನೇ ಮಣ್ಣಿಗೆ ಹಾಕಬಾರದೇ? ಫಿಲ್ಟರಿನಲ್ಲಿ ನೀರು ಕಣವನ್ನು ಹಾದೇ ಹೋಗಬೇಕು, ವಿಷದ ಅಣು ತಾನಾಗಿ ಅದರ ಹತ್ತಿರ ಬರುತ್ತದೆ. ಮಣ್ಣಿನಲ್ಲಿ ಅಣು ಜೇಡಿಯನ್ನೂ ತರಗೆಲೆಯ ಅಂಶವನ್ನೂ ಬಿಟ್ಟು ಬರುವುದಿಲ್ಲ. ಮಣ್ಣಿನ ಸಾವಯವ ಅಂಶ ನ್ಯಾನೋಕಣದ ಮೈಗೂ ಮೆತ್ತಿಕೊಳ್ಳುತ್ತದೆ. ಕ್ಲೋರಿನ್ ಕಿತ್ತುಹಾಕುವ ಕಬ್ಬಿಣದ ಸೂಕ್ಷ್ಮಪುಡಿ, ವಿಷವನ್ನು ಹಿಡಿದಿಡುವ ಇದ್ದಿಲು, ಅದನ್ನು ತಿಂದು ಒಡೆಯುವ ಬ್ಯಾಕ್ಟೀರಿಯಾ ಎಲ್ಲದರ ಮೇಲೂ ಸಂಶೋಧನೆ ನಡೆದಿದೆ. ಪ್ರಯೋಗಾಲಯದ ಕುಂಡದಿಂದ ಸಾವಿರಾರು ಹೆಕ್ಟೇರಿನ ಇಳಿಜಾರಿಗೆ ಹೋಗುವುದು ಬೇರೆಯೇ ಕೆಲಸ. ಫಿಲ್ಟರಿಗಾದರೆ ಕೊಳ್ಳುವವರಿದ್ದಾರೆ. ಗುಡ್ಡದ ಮಣ್ಣನ್ನು ಶುದ್ಧ ಮಾಡಿಸಲು ದುಡ್ಡು ಹಾಕುವ ಗಿರಾಕಿ ಇಲ್ಲ, ಆ ಖರ್ಚನ್ನು ಸರ್ಕಾರವೇ ಹೊರಬೇಕು.

ಇಷ್ಟರ ನಡುವೆ ಗೋದಾಮುಗಳಲ್ಲಿ ಉಳಿದಿದ್ದ ಎಂಡೋಸಲ್ಫಾನನ್ನು 2012ರಲ್ಲಿ ಹೊಸ ಬ್ಯಾರೆಲ್ಲುಗಳಿಗೆ ತುಂಬಿಸಿದರು. ಕರ್ನಾಟಕದ ಗಡಿಗೆ ತಾಗಿದ ಮಿಂಚಿನಪದವಿನ ಪಾಳುಬಾವಿಗೆ ಎಂಡೋಸಲ್ಫಾನ್ ಹಾಕಿ ಮುಚ್ಚಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಾದರಿ ತೆಗೆದರು. ಇಂಥ ಪರೀಕ್ಷೆಗಳಲ್ಲಿ ಆಲ್ಫಾ, ಬೀಟಾ ಮಾತ್ರ ಅಳೆದರೆ ‘ಏನೂ ಸಿಗಲಿಲ್ಲ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಸಲ್ಫೇಟನ್ನೂ ಹುಡುಕಬೇಕು. ಗುಡ್ಡದ ಮೇಲ್ಮಣ್ಣಿನ ಜೊತೆಗೆ ತೋಡಿನ ಹೂಳು, ಮದಕದ (ಮಳೆನೀರು ನಿಲ್ಲುವ ಕೆರೆಯ) ತಳದ ಕೆಸರು, ಸುರಂಗದ ನೀರು ಇವುಗಳ ಮಾದರಿಯನ್ನು ಮಳೆಗಾಲದ ಮೊದಲೂ ಆಮೇಲೂ ತೆಗೆಯಬೇಕು. ಬಂದ ಫಲಿತಾಂಶವನ್ನು ಪಂಚಾಯತಿನ ಫಲಕದಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಹಾಕಬೇಕು.